ಚಾಲು ಅಂದರೇನು

ನನ್ನ ನೆನಪಿನ ಮೇಲೆ ನನಗೆ ನಂಬಿಕೆ ಇಲ್ಲ. ವಿನಯಕ್ಕಾಗಿ ಹೇಳುತ್ತಿರುವ ಮಾತಲ್ಲ ಇದು. ಬೀಗ ಹಾಕಿದೆನೋ ಇಲ್ಲವೋ ಎಂದು ಬಸ್‌ಸ್ಟ್ಯಾಂಡಿನಿಂದ ಮನೆಗೆ ವಾಪಸು ಬರುವವರ ಪೈಕಿ ನಾನು. ಬಂದು ನೋಡಿದರೆ ಬೀಗ ಹಾಕಿಯೇ ಇರುತ್ತದೆ, ಬೀಗದ ಕೈ ಮಾತ್ರ ಅದರಲ್ಲೇ ನೇತಾಡುತ್ತಿರುತ್ತದೆ. ಒಮ್ಮೆ ರಜೆ ಎಂಬುದು ಮರೆತು ಬಳ್ಳಾರಿಯಿಂದ ಸಿರುಗುಪ್ಪದವರೆಗೆ ಬಸ್ಸಿನಲ್ಲಿ ನಿಂತುಕೊಂಡೇ ಹೋಗಿ ನಮ್ಮ ಕಾಲೇಜಿನ ಗೇಟು ಮುಟ್ಟಿದ್ದೆ. ಕಾವಲುಗಾರ ಬೀಡಿಯನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡು, "ಏನ್ ಸರ್, ಇವತ್ತು ನೀವೊಬ್ರೇ ಕಲಿಯೋರೇನ್ರಿ?" ಎಂದ. ಅಂಥವನಾದ್ದರಿಂದಲೇ ದಿನಚರಿ ಬರೆಯುತ್ತೇನೆ. ಮೊದಲು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೆ. ನನ್ನ ಇಪ್ಪತ್ತರಿಂದ ಮೂವತ್ತರವರೆಗಿನ ಬದುಕನ್ನು ಗೆದ್ದಲು ಓದಿ ಮುಗಿಸಿದ ಮೇಲೆ ಲ್ಯಾಪ್‌ಟಾಪಿಗೆ ಬಂದೆ. "ಕ್ಲೌಡಿನಾಗ ಇಡ್ರಿ ಸರ್, ಎಲ್ಲಿಗೂ ಹೋಗಲ್ಲ" ಎಂದು ವಿದ್ಯಾರ್ಥಿಗಳು ಹೇಳಿದ್ದರು. ಬಳ್ಳಾರಿಯ ಆಕಾಶ ನೋಡಿಕೊಂಡು ಬೆಳೆದವನಿಗೆ ಮೋಡದ ಮೇಲೆ ಭರವಸೆ ಇಡು ಅಂದರೆ ಹೇಗೆ? ಇಡಲಿಲ್ಲ. ಹೀಗಾಗಿ ಒಂದು ಬೆಳಿಗ್ಗೆ ಲ್ಯಾಪ್‌ಟಾಪು ಚಾಲು ಆಗದೆ ಹೋದಾಗ ನನ್ನ ಒಂಬತ್ತು ವರ್ಷಗಳೂ ಅದರ ಜೊತೆ ಕತ್ತಲಾದವು.

ಒಂಬತ್ತು ವರ್ಷ ಹೋದರೆ ಹೋಗಲಿ ಅನ್ನಬಹುದಿತ್ತು. ಅದರಲ್ಲಿ ಬಹುಪಾಲು ಬಸ್ಸಿನ ಬಗೆಗಿನ ದೂರುಗಳೇ. ನನಗೆ ಬೇಕಾಗಿದ್ದದ್ದು ಒಂದೇ ದಿನ. ಅವ್ವ ತೀರಿಕೊಂಡ ದಿನ.

ಅವ್ವನ ತವರು ಸಿರುಗುಪ್ಪದ ಆಚೆ, ತೆಲುಗು ಮಾತಾಡುವ ಮನೆ. ಮದುವೆಯಾಗಿ ಬಳ್ಳಾರಿಗೆ ಬಂದು ಕನ್ನಡ ಕಲಿತಳು, ಆದರೆ ತೆಲುಗು ಬಿಡಲಿಲ್ಲ. ಎರಡನ್ನೂ ಕಲಸಿ ಬಡಿಸುತ್ತಿದ್ದಳು. ನಾವು ಉಂಡು ಬೆಳೆದೆವು. ತೊಂದರೆ ಬಂದದ್ದು ಕೊನೆಯ ದಿನ, ಆಸ್ಪತ್ರೆಯಲ್ಲಿ. ಕುರುಗೋಡಿನಿಂದ ಬಂದಿದ್ದ ಅಕ್ಕ ಮೂರು ದಿನ ನಿದ್ದೆಗೆಟ್ಟು ಅವ್ವನ ಪಕ್ಕ ಕೂತಿದ್ದಳು. ಮಧ್ಯಾಹ್ನ ಗಂಜಿ ಕುಡಿಸುತ್ತಿದ್ದಾಗ ಅವ್ವ "ಚಾಲು" ಅಂದಳು. ಅದೇ ಅವಳ ಕೊನೆಯ ಮಾತು. ಕನ್ನಡದ ಚಾಲು ಆದರೆ ಶುರು ಮಾಡು ಎಂದು ಅರ್ಥ. ಚಳಿ ಜ್ವರವೆಂದು ಫ್ಯಾನು ಆರಿಸಿದ್ದರು, ಅದನ್ನು ಹಾಕು ಅಂದಿರಬೇಕು. ತೆಲುಗಿನ ಚಾಲು ಆದರೆ ಸಾಕು ಎಂದು. ಅಕ್ಕ ಆ ಮಾತು ಕೇಳಿದ ಮೇಲೂ ಎರಡು ಚಮಚ ಗಂಜಿ ಹಾಕಿದ್ದಳು. ಸಾಕು ಅಂದವಳ ಬಾಯಿಗೆ ತುರುಕಿದೆನಾ ಎಂಬುದೇ ಒಂದು ವರ್ಷದಿಂದ ಅವಳ ಗಂಟಲಲ್ಲಿ ಸಿಕ್ಕಿಕೊಂಡಿರುವುದು.

ನಾನು ಅವಳಿಗೆ ಪ್ರತಿ ಸಲವೂ ಧೈರ್ಯ ಹೇಳುತ್ತಿದ್ದೆ. ಅವ್ವ ಕೇಳಿದ್ದು ಫ್ಯಾನು; ನಾನು ಅಲ್ಲೇ ಇದ್ದೆ; ಎದ್ದು ಸ್ವಿಚ್ಚು ಹಾಕಿದವನು ನಾನೇ. ಆ ಸ್ವಿಚ್ಚಿನ ಮೇಲಿನ ಜಿಡ್ಡು ಸಹ ಬೆರಳಿಗೆ ಈಗಲೂ ಹತ್ತುತ್ತದೆ.

"ಲೇ ತಮ್ಮಾ, ನನಗ ಚಮಚ ಒಂದು ಬಿಟ್ಟು ಏನೂ ನೆನಪಿಲ್ಲ" ಎಂದು ಅಕ್ಕ ಫೋನು ಮಾಡಿದಳು. "ವರ್ಷದ ಕಾರ್ಯಕ್ಕ ಬರುವಾಗ ಅವತ್ತು ಬರದದ್ದು ತಗೊಂಡು ಬಾ. ಓದಿ ಹೇಳು."

"ಬಾಯಿಲೆ ಹೇಳೀನಲ್ಲಕ್ಕ."

"ನಿನ್ನ ಬಾಯಿ ಯಾರು ನಂಬಬೇಕು? ನಾ ಕಳಿಸಿದ ಉಪ್ಪಿನಕಾಯಿ ಭರಣಿ ವಾಪಸ್ ಕೊಟ್ಟೀನಿ ಅಂತಿ. ಅದು ನಿನ್ನ ಅಡಗಿ ಮನ್ಯಾಗ ಐತಿ."

ಕಾರ್ಯಕ್ಕೆ ಎಂಟು ದಿನವಿತ್ತು. ಲ್ಯಾಪ್‌ಟಾಪಿನ ಗುಂಡಿ ಒತ್ತಿದರೆ ಸಣ್ಣ ದೀಪ ಹತ್ತುತ್ತಿತ್ತು, ಒಳಗೇನೋ ಗುಂಯ್ ಎನ್ನುತ್ತಿತ್ತು, ಪರದೆ ಮಾತ್ರ ಕಪ್ಪು ಹಂಚಿನ ಹಾಗೆ. ಮೊಬೈಲಿನಲ್ಲಿ ವಿಡಿಯೋ ನೋಡಿದೆ. ಒಬ್ಬಾತ ಚಾರ್ಜರು ಕಿತ್ತು ಮೂವತ್ತು ಸೆಕೆಂಡು ಗುಂಡಿ ಒತ್ತಿ ಹಿಡಿಯಿರಿ ಅಂದ. ಹಿಡಿದೆ. ಎಷ್ಟಕ್ಕೆ ಬಂದೆ ಎಂಬುದು ಮರೆತು ಮತ್ತೆ ಒಂದರಿಂದ ಎಣಿಸಿದೆ. ಇನ್ನೊಬ್ಬ, ಪರದೆಯ ಮೇಲೆ ಟಾರ್ಚು ಬಿಟ್ಟರೆ ಒಳಗೆ ಮಸುಕಾಗಿ ಚಿತ್ರ ಕಾಣಬಹುದು ಅಂದ. ಬಿಟ್ಟೆ. ನನ್ನ ಮುಖವೇ ಕಂಡಿತು, ಅದೂ ಮಸುಕಾಗಿ. ಕಾಲೇಜಿನ ಸಹೋದ್ಯೋಗಿಯೊಬ್ಬರು ಬೇರೆ ಪರದೆ ತಂದು ಜೋಡಿಸಿದರು. ಈಗ ಎರಡು ಪರದೆ ಕಪ್ಪಾದವು. "ಬಿಸಿಲಿಗೆ ಇಡ್ರಿ, ಅದರ ಮ್ಯಾಲೆ ಸಂಡಿಗಿ ಆದ್ರೂ ಒಣಗ್ತಾವ" ಎಂದಳು ಹೆಂಡತಿ. ನನ್ನ ಯಾವ ಕೆಲಸವನ್ನೂ ಅವಳು ಇದಕ್ಕಿಂತ ಹೆಚ್ಚು ಗಂಭೀರವಾಗಿ ತೆಗೆದುಕೊಂಡದ್ದಿಲ್ಲ.

ಕೊನೆಗೆ ಕೌಲ್ ಬಜಾರಿನ ರಿಪೇರಿ ಅಂಗಡಿಗೆ ಹೋದೆ. ಆಟೋದವನು ಗಲ್ಲಿಯೊಳಗೆ ಬರಲು ಒಪ್ಪಲಿಲ್ಲ; ಲ್ಯಾಪ್‌ಟಾಪನ್ನು ಕೂಸಿನಂತೆ ಎದೆಗವುಚಿಕೊಂಡು ನಡೆದೆ. ಅಂಗಡಿಯ ಭಾಯ್‌ಗೆ ನನ್ನಷ್ಟೇ ವಯಸ್ಸು, ನನಗಿಂತ ಒಳ್ಳೆಯ ಕನ್ನಡಕ. ಗುಂಡಿ ಒತ್ತಿ, ಕಿವಿ ಹಚ್ಚಿ ಕೇಳಿದರು.

"ಜೀವ ಐತ್ರಿ ಸರ್. ಮಾರಿ ತೋರಿಸವಲ್ದು."

"ಒಳಗಿಂದು ಉಳೀತೈತೇನ್ರಿ?"

"ಏನೈತ್ರಿ ಅಂಥಾದ್ದು?"

"ನಮ್ಮವ್ವನ ಕೊನೀ ಮಾತು."

"ರೆಕಾರ್ಡಿಂಗಾ?"

"ಅಲ್ರಿ, ಬರಕೊಂಡೀನಿ."

ಕಿಸೆಯಲ್ಲಿ ಫೋನು ಇಟ್ಟುಕೊಂಡು ತಾಯಿಯ ಮಾತನ್ನು ಬರೆದುಕೊಳ್ಳುವ ಮನುಷ್ಯನನ್ನು ಅವರು ಕನ್ನಡಕದ ಮೇಲಿಂದ ಒಮ್ಮೆ ನೋಡಿದರು. ಆಮೇಲೆ ಸ್ಕ್ರೂ ಬಿಚ್ಚಿ, ಹಸಿರು ಪಟ್ಟಿಯೊಂದನ್ನು ಎಳೆದು ಬೆಳಕಿಗೆ ಹಿಡಿದರು. "ಇದು ಮೆಮೊರಿ ಸರ್. ಧೂಳು ಕುಂತೈತಿ."

"ಈ ಊರಾಗ ಯಾರ ಮೆಮೊರಿ ಮ್ಯಾಲೆ ಕುಂತಿಲ್ರಿ?"

ಅವರು ನಗಲಿಲ್ಲ. ಗಲ್ಲಾಪೆಟ್ಟಿಗೆಯಿಂದ ಮಕ್ಕಳು ಪೆನ್ಸಿಲ್ಲಿಗೆ ಬಳಸುವ ರಬ್ಬರು ತೆಗೆದು ಆ ಪಟ್ಟಿಯ ಬಂಗಾರ ಬಣ್ಣದ ಅಂಚನ್ನು ಉಜ್ಜತೊಡಗಿದರು. ಬರೆದದ್ದನ್ನು ಅಳಿಸಲೆಂದೇ ಹುಟ್ಟಿದ ವಸ್ತುವಿನಿಂದ ಬರೆದದ್ದು ವಾಪಸು ಬರುತ್ತದೆ ಎಂದು ಯಾವ ವಿಶ್ವವಿದ್ಯಾಲಯವೂ ನನಗೆ ಕಲಿಸಿರಲಿಲ್ಲ. ಪಕ್ಕದ ಅಂಗಡಿಯವನ ಜೊತೆ ತೆಲುಗಿನಲ್ಲಿ ಏನೋ ಹರಟುತ್ತಲೇ ಪಟ್ಟಿಯನ್ನು ಒಳಗೆ ಕೂರಿಸಿ, ಗುಂಡಿ ಒತ್ತಿ, ಭಾಯ್ ಅಂದರು: "ಚಾಲು."

"ಯಾವ ಚಾಲುರಿ? ಸಾಕು ಅಂತನೋ, ಶುರು ಆತು ಅಂತನೋ?"

"ಯಾವ ಊರ್ರಿ ನಿಮ್ದು?"

"ಇದೇ ಊರು."

"ಮತ್ತ? ಹೇಳಾವರ ಮಾರಿ ನೋಡಿದ್ರ ತಿಳೀತೈತಲ್ರಿ."

ಪರದೆಯ ಮೇಲೆ ಬೆಳಕು ಬಂದಿತ್ತು. ನನಗೆ ಖುಷಿಯಾಗಬೇಕಿತ್ತು. ಆದರೆ ಚಾಲು ಅನ್ನುವಾಗ ಅವ್ವನ ಮುಖ ಹೇಗಿತ್ತೆಂದು ನೆನೆಸಿಕೊಳ್ಳಲು ಹೋದರೆ, ಸ್ವಿಚ್ಚು ಬಿಟ್ಟು ಬೇರೇನೂ ಬರಲೊಲ್ಲದು.

ಅಲ್ಲೇ ಸ್ಟೂಲಿನ ಮೇಲೆ ಕೂತು ಆ ದಿನವನ್ನು ತೆಗೆದೆ. ಅವ್ವನ ಬಗ್ಗೆ ಇದ್ದದ್ದು ಇಷ್ಟು: 'ನಾನು ಮೇಲೆ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಚಾಲು ಅಂದಳಂತೆ. ಅಕ್ಕ ಫ್ಯಾನು ಹಾಕಿದಳಂತೆ. ಗಾಳಿಗೆ ನಿದ್ದೆ ಹೋದಳು ಅಂದುಕೊಂಡೆ ಅಂತ ಅಕ್ಕ ಹೇಳಿದಳು.' ಎರಡು ಸಲ ಓದಿದೆ. ಫ್ಯಾನು ಹಾಕಿದ ಕೈ ನನ್ನದಾಗಿರಲಿಲ್ಲ. ಒಂದು ವರ್ಷದಿಂದ ಅಕ್ಕನ ಕೈಯನ್ನೇ ನನ್ನದೆಂದು ಅಕ್ಕನಿಗೆ ತೋರಿಸಿ ಸಮಾಧಾನ ಹೇಳುತ್ತಿದ್ದೆ. ಆ ಸಾಲನ್ನು ಅಳಿಸಿ 'ನಾನು ಫ್ಯಾನು ಹಾಕಿದೆ' ಎಂದು ಹೊಡೆಯಲು ಅರ್ಧ ನಿಮಿಷ ಸಾಕು. ಬೆರಳು ಅಲ್ಲಿಯವರೆಗೆ ಹೋಯಿತು ಕೂಡ. ಯಾಕೋ ಧೈರ್ಯ ಸಾಲಲಿಲ್ಲ. ಅಕ್ಕನಿಗೆ ಫೋನು ಮಾಡಿ ಇದ್ದಂತೆಯೇ ಓದಿದೆ.

"ಫ್ಯಾನ್ ಹಾಕಿದಾಕಿ ನಾನಾ?" ಎಂದಳು.

"ನೀನೇ ಅಕ್ಕ."

"ಹಂಗಾರ ಸೆಕಿ ಆಗಿತ್ತು ಆಕಿಗೆ. ನನಗ ಆಗ ತಿಳಿದಿತ್ತು ಅಂದ್ರ ಸೆಕಿನೇ ಆಗಿತ್ತು." ಮೂಗು ಸೇದಿದಳು. "ನೀ ಎಲ್ಲಿದ್ದಿ ಮತ್ತ?"

"ಕೆಳಗ ಚಾ ಕುಡ್ಯಾಕ ಹೋಗಿದ್ದೆ."

"ಅದನ್ನೂ ಬರದೀಯೇನು?"

"ಬರದೀನಿ." ಬರೆಯದೆ ಏನು, ಅವ್ವನಿಗೆ ಮೂರು ಸಾಲಾದರೆ ಚಹಕ್ಕೆ ಅರ್ಧ ಪುಟವಿತ್ತು.

"ಓದು" ಎಂದಳು ಅಕ್ಕ. ಓದಿದೆ. ಶುಂಠಿ ಕಮ್ಮಿ, ಸಕ್ಕರೆ ಜಾಸ್ತಿ, ಲೋಟ ಸರಿಯಾಗಿ ತೊಳೆದಿಲ್ಲ. ಅಕ್ಕ ಸಣ್ಣಗೆ ನಕ್ಕಳು. ಆ ನಗು ಕೇಳಿ ವರ್ಷವಾಗಿತ್ತು. "ಮುಂದ?" ಎಂದಳು. ಮುಂದಿನ ಸಾಲು ನನ್ನ ಕಣ್ಣ ಮುಂದೆಯೇ ಇತ್ತು: 'ಅಕ್ಕ ಎರಡು ಸಲ ಫೋನು ಮಾಡಿದಳು. ಹೆಂಗೂ ಈಗ ವಾಪಸು ಹೋಗೋದೇ ಅಲ್ಲವೇ ಅಂತ ಎತ್ತದೆ ಇನ್ನೊಂದು ಚಹ ಹೇಳಿದೆ.'

"ಮುಂದ ಏನಿಲ್ಲಕ್ಕ" ಎಂದೆ.

ಮನೆಗೆ ಬಂದು, ಇನ್ನು ಮರೆಯಬಾರದೆಂದು, ಮೊದಲು ದಿನಚರಿ ಬರೆದೆ: 'ಲ್ಯಾಪ್‌ಟಾಪು ಸರಿಯಾಯಿತು. ಅಕ್ಕನಿಗೆ ಎಲ್ಲವನ್ನೂ ಓದಿ ಹೇಳಿದೆ.'