ಸೊಳ್ಳೆ ಮರಿ ಹುಡುಕುವ ಕೆಲಸ

ಬೇಸಿಗೆ ಬಂತು ಅಂದರೆ ನನ್ನ ತಲೆ ಕೆಡೋದು ಬಿಸಿಲಿಗಲ್ಲ, ಜನಕ್ಕೆ ವಿಜ್ಞಾನ ಹೇಳಾಕೆ ಹೋಗಿ. ಸಂತೇಬೆನ್ನೂರು ಕಡೆಯ ಹಳ್ಳಿಗಳಲ್ಲಿ ನಾನು ಆರೋಗ್ಯ ಕಾರ್ಯಕರ್ತೆ. ವಾರಕ್ಕೊಮ್ಮೆ ಮನೆಮನೆಯ ಡ್ರಮ್ಮು, ತೊಟ್ಟಿಗೆ ಬ್ಯಾಟರಿ ಬಿಟ್ಟು ಸೊಳ್ಳೆ ಮರಿ ಇದಾವೇನೋ ನೋಡಬೇಕು, ಇದ್ದರೆ ನೀರು ಚೆಲ್ಲಿಸಬೇಕು. ಈ ಸಲ ಸಾಹೇಬರೇ ತಪಾಸಣೆಗೆ ಬರ್ತಾರೆ, ಒಂದು ಮರಿ ಸಿಕ್ಕರೂ ನಿನ್ನನ್ನು ಜಗಳೂರಿನ ಆ ತುದಿಗೆ ಎತ್ತಿ ಹಾಕ್ತಾರೆ ಅಂತ ಆಫೀಸಿನಲ್ಲಿ ಹೆದರಿಸಿದ್ದರು. ಮಗಳು ಇಲ್ಲೇ ಎಸ್ಸೆಸ್ಸೆಲ್ಸಿ, ನಮ್ಮನೆಯವರ ಅಂಗಡಿ ಚನ್ನಗಿರಿಯಲ್ಲಿ. ನನಗಂತೂ ಊಟವೇ ಸೇರುತ್ತಿರಲಿಲ್ಲ.

೧. ಎಂಬತ್ತು

ಬಿಸಿಲಿಗೆ ಹಚ್ಚುವ ಕ್ರೀಮು ತಂದಿಟ್ಟಿದ್ದೆ, ಅದರ ಮೇಲೆ ಎಸ್‌ಪಿಎಫ್ ಮೂವತ್ತು ಅಂತ ಇತ್ತು. ಮಗಳು ತಂದದ್ದರ ಮೇಲೆ ಐವತ್ತು. ಒಂದು ದಿನ ನಮ್ಮನೆಯವರು ಸುಣ್ಣ ಬಳಿದ ಗೋಡೆಯಂಥ ಮುಖ ಹೊತ್ತು ಬೈಕ್ ಹತ್ತಿದರು. ಏನ್ರೀ ಇದು ಅಂದರೆ, ಎರಡೂ ಹಚ್ಚೀನಿ, ಎಂಬತ್ತು ಆತು ಅಂದರು. ಹಂಗೆ ಕೂಡಿಸಾಕೆ ಬರಲ್ಲ ಅಂದೆ. ಯಾಕೆ ಬರಲ್ಲ ಅಂದರು. ಯಾಕೆ ಬರಲ್ಲ ಅನ್ನೋದು ನನಗೂ ಗೊತ್ತಿರಲಿಲ್ಲ.

ಆಸ್ಪತ್ರೆಯ ಡಾಕ್ಟರನ್ನು ಕೇಳಿದೆ. ಎರಡು ಕೊಡೆ ಹಿಡಿದರೆ ನೆರಳು ಡಬಲ್ ಆಗುತ್ತೇನಮ್ಮಾ ಅಂದರು. ಅದನ್ನೇ ಮನೆಗೆ ಬಂದು ಹೇಳಿದೆ. ಮಾರನೇ ದಿನ ನಮ್ಮನೆಯವರು ಕ್ರೀಮು ಮುಟ್ಟಲಿಲ್ಲ, ಇನ್ನೊಂದು ಕೊಡೆ ಎಲ್ಲೈತೆ ಅಂತ ಕೇಳಿದರು.

೨. ಮಂಡಕ್ಕಿ

ಸೊಳ್ಳೆ ಮರಿ ತಿನ್ನುವ ಪುಟ್ಟ ಮೀನುಗಳನ್ನು ತೊಟ್ಟಿಗೆ ಬಿಡಾಕೆ ನಾವೇ ಕೊಡ್ತೀವಿ. ಬಸವಾಪಟ್ಟಣದ ರಸ್ತೆಯಲ್ಲಿರುವ ಒಬ್ಬ ಯಜಮಾನರಿಗೂ ಕೊಟ್ಟೆ. ಹದಿನೈದು ದಿನ ಬಿಟ್ಟು ನೋಡಿದರೆ ಮೀನು ದುಂಡಗಾಗಿದಾವೆ, ಪಕ್ಕದಲ್ಲೇ ಮರಿಗಳು ಆರಾಮಾಗಿ ಕುಣೀತಿದಾವೆ. ನನಗೆ ತಲೆಬುಡ ತಿಳಿಯಲಿಲ್ಲ. ಮರಿ ತಿನ್ನದೆ ಇವು ದಪ್ಪ ಆದದ್ದು ಹೆಂಗೆ?

ಅಷ್ಟರಲ್ಲಿ ಯಜಮಾನರು ಒಂದು ಬೊಗಸೆ ಮಂಡಕ್ಕಿ ತಂದು ತೊಟ್ಟಿಗೆ ಸುರಿದರು. ದಿನಾ ಹಾಕ್ತೀರಾ ಅಂದೆ. ಮೂರು ಹೊತ್ತೂ ಅಂದರು. ಹೊಟ್ಟೆ ತುಂಬಿದರೆ ಅವು ಮರಿ ತಿನ್ನಲ್ಲ, ಹಸಿದಿರಬೇಕು ಅಂತ ತಿಳಿಸಿ ಹೇಳಿದೆ. ಅವರಿಗೆ ಭಾಳ ಬೇಜಾರಾಯಿತು.

"ಮನೆಗೆ ಬಂದೋರನ್ನ ಉಪವಾಸ ಕೆಡವಿ ಕೆಲಸ ಮಾಡಿಸೋ ಮನೆತನ ಅಲ್ಲಮ್ಮ ನಮ್ದು" ಅಂದರು.

೩. ತಪಾಸಣೆ

ಸಾಹೇಬರು ಬಂದೇ ಬಂದರು. ಏಳು ಮನೆ ನೋಡಿದರು, ಒಂದು ಮರಿ ಇಲ್ಲ. ಸಾಕು ಅಂತ ಜೀಪು ಹತ್ತುವವರಿದ್ದರು. ನಾನೇ ಆಸೆಬುರುಕಿ, ಸರ್, ಇದೊಂದು ಮನೆ ನೋಡಿ ಬಿಡ್ರಿ ಅಂದೆ. ಅದು ಊರಿಗೇ ಚೊಕ್ಕಟವಾಗಿ ಮನೆ ಇಟ್ಟುಕೊಳ್ಳುವ ಒಬ್ಬ ಅಜ್ಜಿಯದ್ದು. ಎರಡು ವರ್ಷದಿಂದ ನನಗೆ ಅಲ್ಲಿ ಏನೂ ಸಿಕ್ಕಿರಲಿಲ್ಲ.

ಡ್ರಮ್ಮು ಫಳಫಳ. ಸಾಹೇಬರು ಭೇಷ್ ಅಂದರು. ಅಜ್ಜಿ ತಡೀರಿ ಅಂತ ಒಳಗೆ ಹೋಗಿ, ಎರಡೂ ಕೈಯಲ್ಲಿ ಒಂದು ಗಾಜಿನ ಜಾಡಿ ಹಿಡಿದು ತಂದರು. ಜಾಡಿ ತುಂಬ ಸೊಳ್ಳೆ ಮರಿ! ಕಣ್ಮುಂದೆ ಜಗಳೂರಿನ ಬಸ್ಸು ಬಂದು ನಿಂತಿತು.

"ಪಾಪ, ವಾರ ವಾರ ಬಂದು ಡ್ರಮ್ಮಿನಾಗೆ ಹುಡುಕ್ತಾಳೆ. ಒಂದೂ ಸಿಗಲ್ಲ, ಬರಿಗೈಲಿ ಹೋಗ್ತಾಳೆ. ಅದಕ್ಕೆ ನಾನೇ ಸಾಕೀನಿ" ಅಂದರು ಅಜ್ಜಿ.

ಸಾಹೇಬರು ಜಾಡಿಯೊಳಗೆ ಬಗ್ಗಿ ನೋಡಿದರು. ಇವನ್ನ ಸಾಕಾಕೆ ಯಾರು ಕಲಿಸಿದ್ರಜ್ಜಿ ಅಂತ ಕೇಳಿದರು. ಅಜ್ಜಿ ಹೆಮ್ಮೆಯಿಂದ ನನ್ನ ಕಡೆ ಬೆರಳು ಮಾಡಿದರು. ನೀರು ನೆರಳಲ್ಲಿಡಬೇಕು, ಬಾಯಿ ಮುಚ್ಚಬಾರದು, ಚೆಲ್ಲಬಾರದು, ವಾರ ಬಿಟ್ಟರೆ ತಾವೇ ಆಗ್ತಾವೆ. ಹೀಗೆಲ್ಲ ಮಾಡಬೇಡಿ ಅಂತ ನಾನು ಹೇಳಿದ್ದ ಪಾಠವನ್ನು ಅಜ್ಜಿ ಒಂದಕ್ಷರ ಬಿಡದೆ ತಿರುಗಾಮುರುಗಾ ಮಾಡಿ ಒಪ್ಪಿಸಿದರು.

ಸಾಹೇಬರು ಕರ್ಚೀಫಿನಿಂದ ಬಾಯಿ ಮುಚ್ಚಿಕೊಂಡರು. ಭುಜ ಕುಲುಕುತ್ತಿತ್ತು. ಪೆನ್ನು ಜೇಬಿಗೆ ಹಾಕಿ, "ಪಾಠ ಜನಕ್ಕೆ ಮುಟ್ಟೈತಮ್ಮ. ನೀವು ಇಲ್ಲೇ ಇರ್ರಿ, ಮೊದಲು ಇದನ್ನ ಮಣ್ಣಿಗೆ ಚೆಲ್ರಿ" ಅಂದರು. ನನಗೆ ಹೋದ ಜೀವ ಬಂದಂಗಾಯಿತು. ಅಳುವೋ ನಗುವೋ ಗೊತ್ತಾಗದೆ ಜಾಡಿ ತಗೊಂಡು ಅಂಗಳಕ್ಕೆ ಸುರಿದೆ.

ಅಜ್ಜಿ ನನ್ನ ಮುಖ ನೋಡಿ ಕರಗಿಹೋದರು. ಹತ್ತಿರ ಬಂದು ಬೆನ್ನು ಸವರಿ, ಸಾಹೇಬರಿಗೂ ಕೇಳುವಂಗೆ ಹೇಳಿದರು:

"ಅಳಬೇಡ ಬಿಡವ್ವಾ. ಹಿತ್ತಲಾಗೆ ಇನ್ನೂ ಎರಡು ಕೊಡ ಐತೆ."