ಸೊಂಡಿಲ ಮಷೀನೂ ಬೈಗಳಿಲ್ಲದ ಒಂದು ಕೆಲಸವೂ

ಮಂದಿಗಿ ಬಸ್ ತಪ್ಪತಾವ, ಚಪ್ಪಲಿ ಹರೀತಾವ, ನಾಯಿ ಬೆನ್ನು ಹತ್ತತಾವ. ನನಗ ಇಂಥವ್ಯಾವೂ ಆಗೂದಿಲ್ಲರಿ. ನನಗ ಆಗೋದೆಲ್ಲಾ ಒಂದೇ ಮಷೀನಿನಿಂದ, ಅದೂ ವಾರ ತಪ್ಪದಂಗ.

ಬೀದರಿನ ನೌಬಾದದಾಗ ನನ್ನದೊಂದು ವೆಲ್ಡಿಂಗ್ ಅಂಗಡಿ ಅದ. ಗೇಟು, ಗ್ರಿಲ್ಲು ಮಾಡ್ಕೊಂಡು ಸುಮ್ಮ ಇದ್ದ ಮನಶ್ಯಾ ನಾನು. ಹೋದ ವರ್ಷ ಹೈದರಾಬಾದಿಗಿ ಕಬ್ಬಿಣ ತರಲಾಕ ಹೋದಾಗ ಒಂದು ಹಳೀ ಮಣ್ಣು ತೋಡೋ ಮಷೀನ್ ಕಣ್ಣಿಗಿ ಬಿತ್ತು. ರೋಡಿನ ಮ್ಯಾಲ ನೋಡ್ತೀರಲ್ಲಾ, ಆ ದೊಡ್ಡ ಹಳದಿ ಮಷೀನ್ ಅಲ್ಲ, ಅದರ ಮೊಮ್ಮಗ. ಎರಡು ಗಾಲಿ, ಒಂದು ಸೀಟು, ಮುಂದೊಂದು ಸೊಂಡಿಲು, ಸೊಂಡಿಲ ತುದಿಗಿ ಹಲ್ಲಿನ ಬಕೆಟ್. ತಾನಾಗಿ ಓಡೂದಿಲ್ಲ, ಜೀಪಿನ ಹಿಂದ ಕೊಂಡಿ ಹಾಕಿ ಎಳ್ಕೊಂಡು ಹೋಗಬೇಕು. ಜಾಗಾ ಮುಟ್ಟಿದ ಮ್ಯಾಲ ಸೊಂಡಿಲು ನೆಲಕ್ಕ ಊರಿ, ಕುಂಡಿ ಎಳ್ಕೊಂಡು ತೆವಳೋ ಕೂಸಿನಂಗ ಅಷ್ಟಷ್ಟೇ ಸರೀತದ. ನೋಡಿದ ಕೂಡ್ಲೇ ಮನಸ್ಸು ಹೋತು, ಖರೀದಿ ಮಾಡಿ ತಂದೆ.

ನನ್ನ ಹೆಂಡ್ತಿ ಸಾಲಿ ಟೀಚರ್. ಮಷೀನಿನ ಸುತ್ತ ಒಂದು ಸುತ್ತು ಹಾಕಿದಳು. "ಎಳ್ಳ ಅಮಾಸಿ ತನಕಾ ಟೈಂ ಕೊಡ್ತೇನಿ. ಅಷ್ಟರಾಗ ಯಾರ ಕೈಲೂ ಬೈಸ್ಕೊಳ್ದಂಗ ಒಂದೇ ಒಂದು ಕೆಲಸ ಮಾಡಿ ತೋರಸ್ರಿ. ಇಲ್ಲಂದ್ರ ಗುಜರಿಯವಗ ನಾನೇ ಫೋನ್ ಮಾಡ್ತೇನಿ" ಅಂದಳು. ನನ್ನ ಎದುರಿಗೇ ಗುಜರಿಯವನ ನಂಬರ್ ಸೇವ್ ಮಾಡ್ಕೊಂಡಳು.

"ಒಂದ್ಯಾಕ, ಹತ್ತು ಮಾಡ್ತೇನಿ" ಅಂದೆ. ಬುದ್ಧಿ ಎಲ್ಲಿತ್ತೋ ಏನೋ.

೧. ಸಣ್ಣಗ ಬೀಸ್ರಿ

ಮಷೀನಿನ ಹಳೀ ಎಂಜಿನ್ ಸತ್ತೇ ಹೋಗಿತ್ತು. ಬಾವಿ ಪಂಪಿನ ಒಂದು ಡೀಸೆಲ್ ಎಂಜಿನ್ ಹುಡುಕಿ ತಂದು, ಕೂಡದ ಬೋಲ್ಟಿಗೆಲ್ಲಾ ಪಟ್ಟಿ ವೆಲ್ಡ್ ಮಾಡಿ ಕುಂದ್ರಿಸಿದೆ. ಐತವಾರ ಮುಂಜಾನಿ ಹ್ಯಾಂಡಲ್ ತಿರುವಿದೆ. ಡುಗ್ ಡುಗ್ ಡುಗ್! ಕರೀ ಹೊಗಿ, ಓಣಿ ತುಂಬ ಸಪ್ಪಳ. ಖುಷಿಗಿ ನನ್ನ ಕಣ್ಣಾಗ ನೀರೇ ಬಂತು.

ಮಗರ್ ಒಂದು ಮಾತು ಮರ್ತಿದ್ದೆ. ನಮ್ಮ ಓಣಿ ಹಿಟ್ಟಿನ ಗಿರಣಿ ಬೆಲ್ಟ್ ಹರದು ನಾಕು ದಿನದಿಂದ ಬಂದ್ ಆಗಿತ್ತು. ಐದು ನಿಮಿಷದಾಗ ಎಂಟು ಹೆಣ್ಮಕ್ಕಳು ಜ್ವಾಳದ ಡಬ್ಬಿ ಹೊತ್ಕೊಂಡು ಅಂಗಡಿ ಮುಂದ ಪಾಳಿ ಹಚ್ಚಿದ್ರು. ನಾ ಮೊದಲು, ನೀ ಮೊದಲು ಅಂತ ಜಗಳಾನೂ ಶುರು ಆಯ್ತು. ಒಬ್ಬಾಕಿ ಸೀದಾ ಬಂದು ತನ್ನ ಡಬ್ಬಿ ಮಷೀನಿನ ಬಕೆಟಿನಾಗೇ ಇಟ್ಟು, "ನಮ್ಮದು ಸಣ್ಣಗ ಬೀಸ್ರಿ" ಅಂದಳು.

"ಇದು ಗಿರಣಿ ಅಲ್ಲವ್ವಾ, ತೆಗ್ಗು ತೋಡೋ ಮಷೀನ್" ಅಂದೆ.

"ಗಿರಣಿ ಅಲ್ಲಂದ್ರ ಗಿರಣಿ ಸಪ್ಪಳ ಯಾಕ ಮಾಡ್ತೀ? ಮನ್ಯಾಗ ರೊಟ್ಟಿಗಿ ಹಿಟ್ಟಿಲ್ಲ, ನಿನಗ ಆಟಾ ಬೇಕಾಗ್ಯದ!" ಅಂತ ಎಂಟೂ ಮಂದಿ ಸೇರಿ ಝಾಡಿಸಿದ್ರು.

ಹೆಂಡ್ತಿ ಮಾಳಿಗಿ ಮ್ಯಾಲಿಂದ ಎಲ್ಲಾ ನೋಡಿದಳು. "ಕೆಲಸ ಶುರು ಮಾಡೋಕಿನ್ನ ಮೊದಲೇ ಎಂಟು ಮಂದಿ ಕೈಲಿ ಬೈಸ್ಕೊಂಡವ್ರು ಬೀದರ್ ಜಿಲ್ಲಾದಾಗ ನೀವೊಬ್ಬರೇ ಇರ್ಬೇಕು ನೋಡ್ರಿ" ಅಂದಳು.

೨. ಮಾಸ್ತರರ ಪ್ರಶ್ನಿ

ಎಂಜಿನ್ ಹಾಕುವಾಗ ಎಣ್ಣಿ ಪೈಪುಗಳನ್ನ ಅದಲು ಬದಲು ಜೋಡಿಸಿಬಿಟ್ಟಿದ್ದೆ. ಎಡಕ್ಕ ಹಿಡಕಿ ಎಳದ್ರ ಸೊಂಡಿಲು ಬಲಕ್ಕ ಹೋಗೋದು. ಪೈಪ್ ಬಿಚ್ಚಿ ಹಾಕಬೇಕಂದ್ರ ಒಂದು ದಿನದ ಕೆಲಸ. ಅದರ ಬದಲಿ ನಾನೇ ಉಲ್ಟಾ ರೂಢಿ ಮಾಡ್ಕೊಂಡ್ರಾಯ್ತು ಅಂದ್ಕೊಂಡೆ.

ನಮ್ಮ ಬಾಜೂ ಮನ್ಯಾಗ ರಿಟೈರ್ಡ್ ಹೆಡ್ ಮಾಸ್ತರ್ರು ಇದ್ದಾರ. ನೀರಿನ ಸಂಪಿಗಿ ಅಂಗಳದಾಗ ತೆಗ್ಗು ಬೇಕಾಗಿತ್ತು. ಎಡಕ್ಕ ಖಾಲಿ ಜಾಗಾ, ಮಣ್ಣು ಅಲ್ಲಿ ಸುರಿಬೇಕು. ಬಲಕ್ಕ ಅರಿವಿ ಒಣ ಹಾಕೋ ಹಗ್ಗ. ಮರುದಿನ ಬುದ್ಧ ವಿಹಾರದಾಗ ಅವರ ಮೊಮ್ಮಗಳ ಲಗ್ನ ಇತ್ತು, ಮನೀ ಮಂದಿದೆಲ್ಲಾ ಬಿಳೀ ಅರಿವಿ ಒಗದು, ನೀಲಿ ಹಾಕಿ ಅಲ್ಲೇ ಒಣಗ್ಸಿದ್ರು.

ಹತ್ತು ಬಕೆಟ್ ಬರೋಬರ್ ಎಡಕ್ಕೇ ಸುರಿದೆ. ಹನ್ನೊಂದನೇದಕ್ಕ ಮಾಸ್ತರ್ರು "ಶಾಬಾಸ್" ಅಂದ್ರು. ಅಷ್ಟೇರಿ, ಹೊಗಳಿಕಿಗಿ ಉಬ್ಬಿ ರೂಢಿ ತಪ್ಪಿದೆ. ನಮ್ಮ ಬೀದರಿನ ಕೆಂಪು ಮಣ್ಣು ಒಂದು ಬಕೆಟ್ ಪೂರ್ತಾ ಬಿಳೀ ಅರಿವಿ ಮ್ಯಾಲ ಬಿತ್ತು.

ಮಾಸ್ತರ್ರು ಚಾಳೀಸು ತಗದು ಒರಿಸ್ಕೊಂಡ್ರು. ದನಿ ಏರ್ಸಲಿಲ್ಲ. "ಎಡಗೈ ಯಾವುದು, ಬಲಗೈ ಯಾವುದು ಅಂತ ಒಂದನೇ ಕ್ಲಾಸಿನಾಗ ಕಲಿಸ್ತೀವಿ. ಅವತ್ತು ನೀ ಸಾಲಿಗಿ ಬಂದಿರ್ಲಿಲ್ಲೇನು?" ಅಂದ್ರು.

ರಾತ್ರಿ ಉಣ್ಣುವಾಗ ಹೆಂಡ್ತಿ ಮುಂದ ವಾದಾ ಹೂಡಿದೆ: "ಅವರು ಬೈದಿಲ್ಲ, ಬರೇ ಪ್ರಶ್ನಿ ಕೇಳ್ಯಾರ."

"ನಾನೂ ಟೀಚರ್ ಅದೀನ್ರಿ. ನಾವು ಬೈಯೋದೇ ಹಂಗ" ಅಂದಳು.

೩. ಮುಂದಿನ ಗಾಲಿ

ಭಾಲ್ಕಿಯಾಗ ನನ್ನ ದೋಸ್ತ ಮನಿ ಕಟ್ಟಿಸಿದ್ದ. ಮನಿಗೂ ಕಂಪೌಂಡ್ ಗೋಡಿಗೂ ನಡುವ ಮಷೀನ್ ಹಿಡಿಯೋವಷ್ಟೇ ಸಂದಿ. ಅದರಾಗ ಬಚ್ಚಲ ನೀರಿನ ಪೈಪಿಗಿ ನಾಲಿ ತೋಡಬೇಕು. ಈ ಮಷೀನ್ ತನ್ನ ಮುಂದ ತೋಡ್ಕೋತ ಹಿಂದ ಸರೀತದ. ಅಂದ್ರ ಒಳಗಿನ ಮೂಲಿಯಿಂದ ಶುರು ಮಾಡಿ ಗೇಟಿನ ಕಡಿ ಬರಬೇಕು. ನಾ ಶಾಣ್ಯಾ, ಗೇಟಿನ ಕಡಿ ಮಣ್ಣು ಮೆತ್ತಗದ ಅಂತ ಅಲ್ಲಿಂದ ಶುರು ಮಾಡಿದೆ.

ನಾ ತೋಡಿದಂಗ ಪ್ಲಂಬರ್ ಪೈಪ್ ಇಟ್ಟು ಸಿಮೆಂಟ್ ಹಚ್ಕೋತ ಬಂದ. ಕೆಲಸ ಮುಗದಾಗ ನೋಡ್ತೇನಿ, ನನ್ನ ಮುಂದ ಹಸೀ ಸಿಮೆಂಟು, ಹಿಂದ ಗೋಡಿ, ನಡುವ ನಾನು ಮತ್ತ ಮಷೀನು. ನಾನೇನೋ ಗೋಡಿ ಜಿಗದು ಬಂದೆ, ಮಷೀನ್ ಅಲ್ಲೇ ಉಳೀತು.

ಮರುದಿನಾನೇ ಗೃಹಪ್ರವೇಶ. ದೋಸ್ತ ನನ್ನ ಹಿಡಿದು ಬೈದ ಬೈಗಳ ಇಲ್ಲಿ ಬರೀಲಿಕ್ಕ ಬರೂದಿಲ್ಲ. ಬಂದ ಹೆಣ್ಮಕ್ಕಳು ಮಾತ್ರ ಹೊಸಾ ಗಾಡಿ ಅಂತ ತಿಳದು ಬಕೆಟಿಗಿ ಅರಿಷಿಣ ಕುಂಕುಮ ಹಚ್ಚಿ ಆರತಿ ಬೆಳಗಿದ್ರು. ಖಟಕ ಚಿಂಚೋಳಿಯಿಂದ ಬಂದ ಅವನ ಅತ್ತಿ ಮಷೀನಿನ ಮೈ ಸವರಿ ಸವರಿ ನೋಡಿದಳು.

"ಟ್ರ್ಯಾಕ್ಟರ್ ಚಲೋ ಅದ ತಮ್ಮಾ" ಅಂದಳು. "ಮುಂದಿನ ಗಾಲಿ ಯಾವಾಗ ತರ್ತಿ?"

೪. ಮಾವನ ಹೊಲ

ಸಿಮೆಂಟ್ ಒಣಗಿದ ಮ್ಯಾಲ ಮಷೀನ್ ಅಂಗಡಿಗಿ ವಾಪಸ್ ತರೋದ್ರಾಗ ಎಳ್ಳ ಅಮಾಸಿಗಿ ನಾಕೇ ದಿನ ಉಳದಿತ್ತು. ಗುಜರಿಯವ ಅಂಗಡಿ ಮುಂದ ಬಂದು ಮಷೀನ್ ನೋಡಿ, ಎರಡು ಸಲ ತಟ್ಟಿ ಹೋದ. ಖರೆ ಹೇಳ್ತೇನಿ, ಆ ಮಷೀನಿನ ಮ್ಯಾಲ ನನ್ನ ಜೀವ ಇತ್ತು. ಅದರ ಒಂದೊಂದು ನಟ್ಟೂ ನನ್ನ ಕೈಲೇ ತಿರುವಿದ್ದು.

ರಾತ್ರೆಲ್ಲಾ ವಿಚಾರ ಮಾಡಿದೆ. ಬೈಗಳೇ ಸಿಗದ ಜಾಗಾ ಯಾವುದು? ಮಾವನ ಮನಿ! ಅಲ್ಲಿ ಅಳಿಯಗ ಯಾರು ಬೈತಾರ? ನಮ್ಮ ಮಾವ ಔರಾದ ತಾಲೂಕಿನ ಠಾಣಾ ಕುಶನೂರಿನಾಗ ಕುರಿ ಸಾಕ್ಯಾರ, ತೊಗರಿ ಬೆಳೀತಾರ. ಬಾವಿಯಿಂದ ಕುರಿ ನೀರು ಕುಡಿಯೋ ತೊಟ್ಟಿ ತನಕಾ ಪೈಪಿಗಿ ನಾಲಿ ಬೇಕಾಗಿತ್ತು. ಹೆಂಡ್ತಿ ಸಾಕ್ಷಿಗಿ ಅಂತ ಜೀಪಿನಾಗ ಕುಂತಳು.

ಹೊಲದಾಗ ಮೊದಲನೇ ಬಕೆಟ್ ಎತ್ತಿದ್ದೆ, ಅತ್ತಿ ಚಾ ತಂದ್ರು. ಎರಡನೇದಕ್ಕ ಚುರಮುರಿ ಸುಸಲಾ ಬಂತು. ಮೂರನೇದಕ್ಕ ಮಾವನೇ ಬಂದು ಬಕೆಟಿನ ಮುಂದ ಎರಡೂ ಕೈ ಚಾಚಿ ನಿಂತ್ರು.

"ಇಳೀರಿ ಅಳಿಯಾರ. ಮನೀ ಅಳಿಯ ಮಾವನ ಹೊಲದಾಗ ಮಣ್ಣು ತೋಡಿದಾ ಅಂದ್ರ ಊರಾಗ ನಮ್ಮ ಇಜ್ಜತ್ ಏನು ಉಳೀತದ?"

"ನಾ ಎಲ್ಲಿ ತೋಡ್ತೇನ್ರಿ ಮಾವಾರ, ಮಷೀನ್ ತೋಡ್ತದ."

"ಅದರ ಮ್ಯಾಲ ಕುಂತವ ಅಳಿಯಾನೇ ಅಲ್ಲೇನ್ರಿ? ಮಂದಿ ನನ್ನ ಮುಖಕ್ಕ ಉಗುಳ್ತಾರ. ಇಳೀರಂದ್ರ ಇಳೀರಿ!"

ದನಿ ಸ್ವಲ್ಪ ಏರಿತ್ತು. ಹೆಂಡ್ತಿ ಕಡಿ ನೋಡಿದೆ. ಆಕಿ ಬ್ಯಾಗಿನಿಂದ ಫೋನ್ ತಗೀಲಿಕ್ಕತ್ತಿದ್ದಳು. ಇದು ಬೈಗಳ ಲೆಕ್ಕಕ್ಕ ಹೋಗೋದ್ರೊಳಗ ಟಪ್ಪನೆ ಇಳದೆ.

ಮಾವ ಧೋತರ ಮ್ಯಾಲ ಕಟ್ಟಿ ತಾವೇ ಏರಿ ಕುಂತ್ರು. "ಮಾವಾರ, ಹಿಡಕಿ ಎಲ್ಲಾ ಉಲ್ಟಾ ಅವರಿ!" ಅಂತ ಒದರಿದೆ. ಕೇಳ್ಲಿಲ್ಲ. ಅವರಿಗಿ ಸೀದಾ ಯಾವುದಂತ ಗೊತ್ತಿದ್ರಲ್ಲಾ ಉಲ್ಟಾ ಅನಸೋದು? ಬಾಯಿಲೆ ಕುರಿ ಹೊಡ್ಯೋ ಸಪ್ಪಳ ಮಾಡ್ಕೋತ ತೋಡೇ ತೋಡಿದ್ರು. ಇತ್ತ ಮನೀ ಮಂದಿ ನನ್ನನ್ನ ಬೇವಿನ ಗಿಡದ ಕೆಳಗ ಹೊರಸಿನ ಮ್ಯಾಲ ಕುಂದ್ರಿಸಿ, ತಲಿಗಿ ಟೊಪಗಿ ಇಟ್ಟು, ಹೆಗಲಿಗಿ ಟಾವೆಲ್ ಹಾಕಿ ಆಹೇರ ಮಾಡಿದ್ರು.

ಹೊತ್ತು ಇಳಿಯೋದ್ರಾಗ ನಾಲಿ ತೊಟ್ಟಿಗಿ ಮುಟ್ಟಿತು. ಹೆಂಡ್ತಿ ಈ ತುದಿಯಿಂದ ಆ ತುದಿಗಿ ನಡದು ನೋಡಿದಳು. "ಒಬ್ಬರೂ ಬೈಲಿಲ್ಲ. ಗುಜರಿಗಿ ಹಾಕೋದು ಬ್ಯಾಡ" ಅಂದಳು. ಕುಣಿಯೋದೊಂದು ಬಾಕಿ. ಜೀಪ್ ಹಿಂದ ತಂದು ಕೊಂಡಿ ಹಾಕಲಾಕ ಹೋದೆ. ಮಾವ ಸೀಟ್ ಬಿಟ್ಟು ಏಳವಲ್ರು.

"ಮಷೀನ್ ಚಲೋನೇ ಅದರಿ" ಅಂದಳು ಹೆಂಡ್ತಿ. "ತಪ್ಪೆಲ್ಲಾ ಮ್ಯಾಲ ಕುಂತವರದಿತ್ತು. ಅಪ್ಪನ ಹತ್ರನೇ ಇರ್ಲಿ."

ಅಳಿಯಗ ಮಾವ ಗಾಡಿ ಕೊಟ್ಟಿದ್ದು ಕೇಳೀರಿ. ಮಾವಗ ಮಷೀನ್ ಕೊಟ್ಟು, ಟಾವೆಲ್ ಟೊಪಗಿ ತಗೊಂಡು, ಖಾಲಿ ಕೊಂಡಿ ಜಗ್ಕೊಂಡು ಬಂದ ಅಳಿಯ ನಾನೊಬ್ಬನೇ.

ಎಂಟು ದಿನಕ್ಕ ಮಾವನ ಫೋನ್ ಬಂತು. "ಅಳಿಯಾರ, ಬಕೆಟಿನ ಹಲ್ಲು ಮುರದದ. ವೆಲ್ಡಿಂಗ್ ಸಾಮಾನು ತಗೊಂಡು ಜಲ್ದಿ ಬರ್ರಿ."

ಸಿಟ್ಟು ನೆತ್ತಿಗೇರಿತು. "ಅಳಿಯ ಹೊಲದಾಗ ಕೆಲಸ ಮಾಡಿದ್ರ ನಿಮ್ಮ ಇಜ್ಜತ್ ಹೋಗ್ತದಲ್ಲರಿ ಮಾವಾರ?"

ಮಾವ ಅಂದ್ರು: "ವೆಲ್ಡಿಂಗ್ ಮಾಡುವಾಗ ಹ್ಯಾಂಗೂ ಮುಖ ಮುಚ್ಕೋತೀರಿ. ಊರ ಹೊರಗಿಂದೇ ಮುಚ್ಕೊಂಡು ಬರ್ರಿ, ಅಳಿಯ ಅಂತ ಯಾರಿಗಿ ಗೊತ್ತಾಗ್ತದ?"