ಸಿತುಮಾನ ಕಮೋಡು

ಬಕೆಟ್ಟಿನ ನೀರು ಕೆಳಗೆ ಹೋಗಬೇಕಿತ್ತು, ಮೇಲೆ ಬಂತು. ಸಿತುಮಾನ ಆ ದಿನದ ಗ್ರಹಚಾರ ಶುರುವಾದದ್ದು ಹೀಗೆ. ಕಮೋಡಿನ ಅಂಚಿನವರೆಗೆ ಏರಿ ನಿಂತ ಕಂದು ನೀರನ್ನು ಅವನು ಬಾಗಿ ನೋಡಿದ. ಒಳಗಿನಿಂದ ಒಂದು ಗುಳ್ಳೆ ಎದ್ದು ನಿಧಾನವಾಗಿ ಒಡೆಯಿತು. ಅವನು ಬಕೆಟ್ ಕೆಳಗಿಟ್ಟು, ತಲೆಯ ಮೇಲೆ ಕೈಹೊತ್ತು, ಹೊಸ್ತಿಲಲ್ಲೇ ನಿಂತುಬಿಟ್ಟ.

ಬೇರೆ ಯಾವತ್ತಾದರೂ ಹೀಗಾಗಿದ್ದರೆ ಹೇಗೋ ಆಗುತ್ತಿತ್ತು. ಇವತ್ತು ಮೊಮ್ಮಗನ ಮುಖ ನೋಡಲು ಅತ್ತೆ ಮೊದಲ ಸಲ ಮನೆಗೆ ಬರುವವರಿದ್ದರು.

ನಮ್ಮ ಕಬ್ಬಿನ ಸೀಮೆಯಲ್ಲಿ ಎಲ್ಲರ ಹಿತ್ತಿಲಲ್ಲೂ ಒಂದು ಗುಂಡಿ, ಅದರ ಮೇಲೊಂದು ಚಪ್ಪಡಿ, ಚಪ್ಪಡಿಯಲ್ಲೊಂದು ತೂತು. ಕುಕ್ಕರಗಾಲಲ್ಲಿ ಕೂತು ಎದ್ದು ಬಂದರೆ ಕೆಲಸ ಮುಗಿಯಿತು. ಸಿತುಮಾನಿಗೆ ಆ ಭಾಗ್ಯವಿರಲಿಲ್ಲ. ಕಬ್ಬಿನ ಟ್ರ್ಯಾಕ್ಟರಿಗೆ ದಾರಿ ಬಿಡಲು ಹೋಗಿ ಸೈಕಲ್ಲಿನಿಂದ ಬಿದ್ದವನ ಬಲ ಮೊಣಕಾಲು ಅವತ್ತಿನಿಂದ ಮಡಿಸಲು ಬರುತ್ತಿರಲಿಲ್ಲ. ಹೊಲಿಗೆ ಯಂತ್ರವನ್ನಾದರೂ ಎಡಗಾಲಲ್ಲಿ ತುಳಿಯಬಹುದು. ಬೆಳಗಿನ ಆ ಕೆಲಸಕ್ಕೆ ಎರಡೂ ಕಾಲು ಬೇಕಲ್ಲ. ಹಗ್ಗ ಹಿಡಿದು, ಗೋಡೆ ಹಿಡಿದು, ದೇವರನ್ನು ಹಿಡಿದು ಅವನು ಪಟ್ಟ ಪಾಡನ್ನು ಹೇಳದಿರುವುದೇ ಮರ್ಯಾದೆ. ಊರಿನ ಮಕ್ಕಳಿಗೆಲ್ಲ ಯೂನಿಫಾರಂ ಹೊಲಿದು ಹೊಲಿದು ಕಡೆಗೂ ಅವನು ಕೂರುವ ಕಮೋಡು ಹಾಕಿಸಿ, ಹಿತ್ತಿಲಲ್ಲಿ ಸೆಪ್ಟಿಕ್ ಟ್ಯಾಂಕು ಕಟ್ಟಿಸಿದ. ನಮ್ಮೂರಿನಲ್ಲಿ ಅದೇ ಮೊದಲನೆಯದು. ಅವನ ಬಾಳಿನಲ್ಲಿ ಸುಖ ಅಂತ ಇದ್ದರೆ ಅದು ಆ ಕಮೋಡಿನ ಮೇಲೆ ಕೂತಷ್ಟು ಹೊತ್ತು ಮಾತ್ರ.

ಮಗನಿಗೆ ಹರೆಯ ಬಂದು ಸುನ್ನತಿ ಆಗುವವರೆಗೂ ಈ ಟ್ಯಾಂಕಿನ ಮುಚ್ಚಳ ತೆಗೆಯಬೇಕಾಗಿಲ್ಲ ಅಂತ ಕಟ್ಟಿದ ಮೇಸ್ತ್ರಿ ಆಣೆ ಹಾಕಿದ್ದ. ಮಗನಿಗೆ ಇನ್ನೂ ಹಲ್ಲೇ ಬಂದಿರಲಿಲ್ಲ, ಟ್ಯಾಂಕು ಆಗಲೇ ಕತ್ತಿನವರೆಗೆ ತುಂಬಿ ಕೂತಿತ್ತು. ಮನೆಯಲ್ಲಿರುವವರು ಗಂಡ, ಹೆಂಡತಿ, ಬೆನ್ನಿಗೆ ಕಟ್ಟಿಕೊಳ್ಳುವ ಕೂಸು. ಇದು ಸಿತುಮಾನ ಹೆಂಡತಿ ನಾಸಂಬು ಬೇಯಿಸುವ ಹುರುಳಿಕಾಯಿಯ ಮಹಿಮೆ ಅಂತ ಊರವರು ತೀರ್ಮಾನಿಸಿದರು.

ಮೊದಲು ಓಡಿ ಬಂದವನು ಬೇಲಿಯಾಚೆಯ ದಿಬ್ಬದ ಮೇಲಿನ ಮಸಿಕಾ. ಬೇರೆಯವರಿಗೆ ಕಷ್ಟ ಬಂತು ಅಂದರೆ ಅವನಿಗೆ ಅನ್ನ ಸೇರುವುದಿಲ್ಲ, ಕಷ್ಟ ಬಂದವರ ಮನೆಯಲ್ಲಿ ಬಡಿಸಿದರೆ ಮಾತ್ರ ಸೇರುತ್ತದೆ. ಸಿತುಮಾನದ್ದನ್ನು ನೋಡಿ ಆಸೆಪಟ್ಟು ಅವನೂ ಕಳೆದ ಮಳೆಗಾಲದಲ್ಲಿ ಒಂದು ಕಮೋಡು ಕೂರಿಸಿಕೊಂಡಿದ್ದ. ಇವತ್ತು ಅತ್ತೆ ಹೋಗಬೇಕಾದದ್ದೂ ಅಲ್ಲಿಗೇ. ನಮ್ಮಲ್ಲಿ ಅತ್ತೆ ಕೂತ ಕುರ್ಚಿಯಲ್ಲಿ ಅಳಿಯ, ಅಳಿಯ ಕೂತ ಕುರ್ಚಿಯಲ್ಲಿ ಅತ್ತೆ ಕೂರುವಂತಿಲ್ಲ, ಇನ್ನು ಅಳಿಯನ ಪಾಯಿಖಾನೆಗೆ ಹೋಗುವುದುಂಟೆ? ಅದಕ್ಕೇ ನಾಸಂಬು ವಾರದ ಹಿಂದೆಯೇ ಮಸಿಕಾನ ಹೆಂಡತಿಗೆ ಹೇಳಿ ಎಲ್ಲ ತೊಳೆಸಿಟ್ಟಿದ್ದಳು.

ಹೀರುವ ಲಾರಿ ಕರೆಸುತ್ತೇನೆ ಅಂತ ಸಿತುಮಾ ಅಂದದ್ದೇ ತಡ, ಮಸಿಕಾ ಅವನ ಕೈ ಹಿಡಿದುಕೊಂಡ.

"ಲಾರಿಗೀರಿ ಎಲ್ಲಾ ಯಾಕೋ? ಮುಚ್ಚಳ ತೆಗೆದ್ರೆ ಒಳಗಿನ ಕಾವೆಲ್ಲಾ ಹೋಗ್ಬಿಡತ್ತೆ. ಹಾಗೇ ಬಿಡು, ತಾನೇ ಇಂಗತ್ತೆ."

"ಯಾವಾಗ ಇಂಗೋದು ಮಸಿಕಣ್ಣ? ಅಲ್ಲೀವರ್ಗೂ ನಾನೇನ್ ಮಾಡ್ಲಿ?" ಅಂದ ಸಿತುಮಾ.

ನಮ್ಮೂರಲ್ಲಿ ಮೊಬೈಲಿನಲ್ಲಿ ಮಾತಾಡಬೇಕಾದರೆ ಹೊಲದ ಹುತ್ತ ಹತ್ತಬೇಕು. ಸಿತುಮಾ ಕಾಲೆಳೆದುಕೊಂಡು ಅಲ್ಲಿಗೆ ಹೋಗಿ, ಹತ್ತಿ, ಲಾರಿಯವನನ್ನು ಹಿಡಿದ. ಕಬ್ಬಿನ ಗಾಡಿಗಳ ಹಿಂದೆ ಸಿಕ್ಕಿಬಿದ್ದಿದ್ದೇನೆ, ಬರುತ್ತೇನೆ, ಆದರೆ ಯಾವಾಗ ಅಂತ ಕೇಳಬೇಡ ಅಂದ ಅವನು. ಸಿತುಮಾ ಅಲ್ಲಿಂದ ಇಳಿದು ಬರುವಷ್ಟರಲ್ಲಿ ಮಸಿಕಾ ಊರ ಹಿರಿಯ ವೆಪುಕುಲು ಅಜ್ಜನನ್ನು ಕರೆತಂದಾಗಿತ್ತು.

ದನಕ್ಕೆ ಹೊಟ್ಟೆಯುಬ್ಬರ ಬಂದರೂ, ಗಂಡಹೆಂಡಿರಿಗೆ ಜಗಳ ಬಂದರೂ, ಸೂರು ಸೋರಿದರೂ ನಮ್ಮಲ್ಲಿ ವೆಪುಕುಲು ಅಜ್ಜನೇ ಬರಬೇಕು. ಅಜ್ಜ ಟ್ಯಾಂಕಿನ ಚಪ್ಪಡಿಯನ್ನು ಕೋಲಿನಿಂದ ಕುಟ್ಟಿ, ಕಿವಿಗೊಟ್ಟು ಕೇಳಿ, ಇದಕ್ಕೆ ಅಜೀರ್ಣ ಅಂದಿದ್ದ. ಅಜೀರ್ಣಕ್ಕೆ ಮದ್ದನ್ನೂ ಅವನೇ ಹಾಕಿ ಮುಗಿಸಿದ್ದ. ನಿನ್ನೆ ಹಿರಿಯರೆಲ್ಲ ಕೂತು ಕುಡಿದ ಬುಸಾ ಎಂಬ ಜೋಳದ ಹೆಂಡದ ಗಸಿಯನ್ನು ಒಂದು ದೊಡ್ಡ ಮಡಕೆಯ ತುಂಬ ತರಿಸಿ, ಗಾಳಿಕೊಳವೆಯಿಂದ ಒಳಗೆ ಸುರಿದುಬಿಟ್ಟಿದ್ದ.

ಸೂರ್ಯ ನೆತ್ತಿಗೆ ಬಂದ. ಗಸಿಗೆ ಕಾವು ತಾಗಿತು. ಟ್ಯಾಂಕಿನ ಹೊಟ್ಟೆಯಲ್ಲಿ ಗುಡುಗುಡು ಅಂತ ಶುರುವಾಗಿ, ಆಮೇಲೆ ಚಪ್ಪಡಿಯ ಸಂದಿನಿಂದ ನೊರೆ ಬಂತು. ಒಲೆಯ ಮೇಲೆ ಮರೆತ ಹಾಲಿನಂತೆ ಅದು ಉಕ್ಕಿ, ಹರಡಿ, ಅಂಗಳದ ಕಡೆಗೇ ಹೊರಟಿತು. ಕೋಳಿಗಳು ಬಂದು ಅದರಲ್ಲಿದ್ದ ಕಾಳು ಹೆಕ್ಕಿ ತಿಂದವು. ಸ್ವಲ್ಪ ಹೊತ್ತಿಗೆ ಹುಂಜ ನಡೆಯಲಾರದೆ ಒಂದು ಪಕ್ಕಕ್ಕೆ ವಾಲಿ ಕೂತಿತು.

ಸಿತುಮಾ ಹುಚ್ಚು ಹಿಡಿದವನಂತೆ ಬಾಳೆ ಎಲೆ ಕಡಿದು ತಂದು ನೊರೆಯ ಮೇಲೆ ಮುಚ್ಚಿದ. ನೊರೆ ಎಲೆಯನ್ನೂ ಎತ್ತಿಕೊಂಡು ಬಂತು. ಬೂದಿ ಹಾಕಿದ. ಬೂದಿ ಹಾಕಿದ ಮೇಲೆ ನೋಡಲು ಇನ್ನೂ ಅಸಹ್ಯವಾಯಿತು. ನಾಸಂಬು ಅಳುತ್ತ, ಅಮ್ಮನ ಎದುರು ನನ್ನ ಮಾನ ಕಳೆದೆ ಅಂತ ಬೈಯುತ್ತ, ಜೊತೆಗೇ ಉಗಾಲಿ ಮುದ್ದೆ ತಿರುವುತ್ತಿದ್ದಳು. ಅಷ್ಟರಲ್ಲಿ ಬೇಲಿಯಾಚೆ ಹೆಂಗಸರ ಮಾತು ಕೇಳಿತು. ಅತ್ತೆ ಬಂದೇಬಿಟ್ಟರು.

ಅತ್ತೆಗೆ ಅಳಿಯ ಮುಖ ಕೊಟ್ಟು ನಿಲ್ಲುವಂತಿಲ್ಲ. ಸಿತುಮಾ ಇದ್ದಬದ್ದ ಎಲೆಗಳನ್ನೆಲ್ಲ ನೊರೆಯ ಮೇಲೆ ಎಸೆದು ಬಾಳೆಗುಂಪಿನ ಹಿಂದೆ ಓಡಿ ಅಡಗಿಕೊಂಡ.

"ಅಳಿಯಂದಿರು ಚೆನ್ನಾಗಿದ್ದೀರಾ?" ಅಂತ ಅತ್ತೆ ಬಾಳೆಗುಂಪನ್ನು ಕೇಳಿದರು.

"ಚೆನ್ನಾಗಿದ್ದೀನಿ ಅಮ್ಮ," ಅಂದಿತು ಬಾಳೆಗುಂಪು.

"ಏನೋ ಹುಳಿಹುಳಿ ವಾಸನೆ ಬರ್ತಿದೆಯಲ್ಲಾ?"

ಬಾಳೆಗುಂಪು ಅಲುಗಿತು. ಆದರೆ ವೆಪುಕುಲು ಅಜ್ಜ ಅಷ್ಟಕ್ಕೆಲ್ಲ ಸಿಕ್ಕಿಬೀಳುವ ಮನುಷ್ಯನಲ್ಲ. "ನಿಮಗೋಸ್ಕರ ಬುಸಾ ಇಟ್ಟಿದೀವಮ್ಮ, ಅದರದ್ದೇ," ಅಂದ.

ಬಿಸಿಲಲ್ಲಿ ನಡೆದು ಬಂದಿದ್ದ ಅತ್ತೆಗೆ ಇದಕ್ಕಿಂತ ಸಂತೋಷದ ಮಾತು ಬೇರೆ ಇರಲಿಲ್ಲ. ಹಾಗಾದರೆ ಊಟಕ್ಕೆ ಮುಂಚೆ ಒಂದು ಲೋಟ ಆಗಲಿ ಅಂದರು. ನಾಸಂಬು ಹಿಂಬಾಗಿಲಿನಿಂದ ಅಜ್ಜನ ಮನೆಗೆ ಓಡಿ ನಿಜವಾದ ಬುಸಾ ತಂದಳು. ಅತ್ತೆ ಒಂದು ಲೋಟ ಕುಡಿದರು, ಅಳಿಯನ ಮನೆಯ ಹೆಂಡ ಹೊಗಳಿದರು, ಇನ್ನೊಂದು ಕುಡಿದರು, ಕೋಳಿ ಸಾರಿನ ಜೊತೆ ಮತ್ತೂ ಒಂದು ಕುಡಿದರು. ಮೊಮ್ಮಗನನ್ನು ತೊಡೆಯ ಮೇಲೆ ಮಲಗಿಸಿಕೊಂಡು ಹಾಡಿದರು. ಎಲ್ಲ ಸುಸೂತ್ರವಾಗುತ್ತಿದೆ ಅನ್ನುವಾಗ ಬುಸಾ ತನ್ನ ಕೆಲಸ ತೋರಿಸಿತು. ಅತ್ತೆ ಮಗಳ ಕಿವಿಯಲ್ಲಿ ಏನೋ ಹೇಳಿದರು. ನಾಸಂಬು ಅವರನ್ನು ದಿಬ್ಬ ಹತ್ತಿಸಿ ಮಸಿಕಾನ ಮನೆಗೆ ಕರೆದೊಯ್ದಳು.

ಅದೇ ಹೊತ್ತಿಗೆ ಲಾರಿ ಬಂತು. ಅತ್ತೆ ವಾಪಸು ಬರುವುದರೊಳಗೆ ಟ್ಯಾಂಕು ಖಾಲಿ ಮಾಡಿ ಕಳಿಸಿಬಿಡಬೇಕು ಅಂತ ಸಿತುಮಾ ಕುಂಟುತ್ತಲೇ ಓಡಾಡಿದ. ಮಸಿಕಾ ಮಾತ್ರ ಲಾರಿಗೆ ಅಡ್ಡ ನಿಂತ. ಇವತ್ತು ಬೇಡ, ದಿನ ಚೆನ್ನಾಗಿಲ್ಲ, ಅತಿಥಿ ಇರುವಾಗ ನೆಲ ಅಗೆಯಬಾರದು ಅಂತ ಏನೇನೋ ಬಡಬಡಿಸಿದ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಚಪ್ಪಡಿ ಸರಿಯಿತು, ಪೈಪು ಇಳಿಯಿತು, ಲಾರಿ ಹೀರಲು ಶುರುಮಾಡಿತು. ಒಳಗಿನ ಮಟ್ಟ ಇಳಿಯುವುದನ್ನು ನೋಡುತ್ತ ಸಿತುಮಾನ ಕಣ್ಣಲ್ಲಿ ನೀರು ಬಂತು. ಅವನ ಕಮೋಡು ಅವನಿಗೆ ವಾಪಸು ಬರುತ್ತಿತ್ತು.

ಆಗ ಟ್ಯಾಂಕಿನ ಗೋಡೆಯಿಂದ ಸೊರ್ ಅಂತ ಒಂದು ಬಕೆಟ್ಟಿನಷ್ಟು ನೀರು ಬಂದು ಬಿತ್ತು.

ಲಾರಿಯವನು ಬಗ್ಗಿ ನೋಡಿದ. "ಇದಕ್ಕೆ ಎರಡು ಪೈಪ್ ಯಾಕಪ್ಪಾ ಹಾಕಿಸಿದ್ದೀಯ?" ಅಂತ ಕೇಳಿದ.

ಸಿತುಮಾ ಹಾಕಿಸಿದ್ದು ಒಂದೇ. ಎಲ್ಲರೂ ಆ ಎರಡನೆಯ ಪೈಪಿನ ಬಾಯಿ ನೋಡಿದರು. ಅದು ಹೋಗುವ ದಿಕ್ಕು ನೋಡಿದರು. ಬೇಲಿ, ಬೇಲಿಯಾಚೆ ದಿಬ್ಬ, ದಿಬ್ಬದ ಮೇಲೆ ಮಸಿಕಾನ ಪಾಯಿಖಾನೆ. ಅದರ ಬಾಗಿಲು ತೆರೆದು ಅತ್ತೆ ತಲೆವಸ್ತ್ರ ಸರಿಮಾಡಿಕೊಳ್ಳುತ್ತ ಹೊರಗೆ ಬಂದರು.

ಮಳೆಗೆ ತನ್ನ ಗುಂಡಿ ಕುಸಿದುಹೋಯಿತು, ಸಿತುಮಾನ ಟ್ಯಾಂಕು ಇಷ್ಟು ದೊಡ್ಡದಿದೆ, ಅವರ ಸಂಸಾರ ಇಷ್ಟು ಚಿಕ್ಕದು, ಅದಕ್ಕೆ ಸಿತುಮಾ ಊರಿನಲ್ಲಿಲ್ಲದಾಗ ಸುಮ್ಮನೆ ಒಂದು ಪೈಪು ಕೂಡಿಸಿದೆ ಅಂತ ಮಸಿಕಾ ಬಾಯಿಬಿಟ್ಟ. ಅವನ ಮನೆಯಲ್ಲಿರುವವರು ಹೆಂಡತಿ, ಅವಳ ತಮ್ಮಂದಿರು, ಎಂಟು ಮಕ್ಕಳು.

ಸಿತುಮಾನಿಗೆ ಸಿಟ್ಟು ನೆತ್ತಿಗೇರಿತು, ಆದರೆ ಅದರ ಹಿಂದೆಯೇ ಸಮಾಧಾನವೂ ಬಂತು. ಕಳ್ಳ ಸಿಕ್ಕಿದ. ಇನ್ನು ಪೈಪು ಮುಚ್ಚಿಸಿದರೆ ಆಯಿತು, ಮಗನ ಸುನ್ನತಿಯವರೆಗೂ ತನ್ನ ಟ್ಯಾಂಕು ತನಗೆ. ಇವನಿಗೆ ಏನು ಶಿಕ್ಷೆ ಹೇಳುತ್ತೀರಿ ಅಂತ ಅವನು ವೆಪುಕುಲು ಅಜ್ಜನ ಕಡೆ ತಿರುಗಿದ.

ಅಜ್ಜ ಮಸಿಕಾನನ್ನು ನೋಡುತ್ತಲೇ ಇರಲಿಲ್ಲ. ಟ್ಯಾಂಕಿನೊಳಗೆ ನೋಡುತ್ತಿದ್ದ. "ಅವನ ಮಾತು ಆಮೇಲೆ. ಈಗ ಬಿದ್ದದ್ದು ಯಾರದು?" ಅಂದ.

ಸಿತುಮಾನಿಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಅರ್ಥವಾದಾಗ ಅವನು ದಿಬ್ಬದ ಕಡೆ ಕೈ ತೋರಿಸಿದ.

"ಅಜ್ಜ, ಅವರು ಕೂತಿದ್ದು ಅಲ್ಲಿ. ನಾನು ಕೂರೋದು ಇಲ್ಲಿ."

"ಕೂರೋ ಕುರ್ಚಿ ಎರಡಾದ್ರೇನು, ಹೋಗಿ ಸೇರೋ ಮನೆ ಒಂದೇ ಅಲ್ವೇನೋ?"

"ಲಾರಿ ಎಲ್ಲಾ ಹೀರ್ಕೊಂಡು ಹೋಗ್ತಿದೆಯಲ್ಲ ಅಜ್ಜ."

"ನೀರು ಹೋಯ್ತು. ಜಾಗ ಎಲ್ಲಿಗೆ ಹೋಗತ್ತೆ? ಇವತ್ತಿನಿಂದ ಇದು ನಿನ್ನ ಅತ್ತೆಯ ಜಾಗ. ನೀನು ಕೂರೋ ಹಾಗಿಲ್ಲ."

ಪೈಪು ಕೀಳಿಸುವ ಮಾತೂ ಅಲ್ಲಿಗೇ ನಿಂತಿತು. ಅತ್ತೆಯ ದಾರಿಯನ್ನು ಅಳಿಯ ಮುಚ್ಚುವುದೆಂದರೇನು! ನಾಸಂಬು ಹೋಗಬಹುದು, ಕೂಸು ಬೆಳೆದ ಮೇಲೆ ಹೋಗಬಹುದು, ಮಸಿಕಾ ಮತ್ತು ಅವನ ಎಂಟು ಮಕ್ಕಳು ಧಾರಾಳವಾಗಿ ಹೋಗಬಹುದು, ಅವರಾರೂ ಅಳಿಯಂದಿರಲ್ಲ. ಕಟ್ಟಿಸಿದವನೊಬ್ಬನನ್ನು ಬಿಟ್ಟು ಇಡೀ ಊರೇ ಹೋಗಬಹುದು. ಇದನ್ನು ಬರೆಯುವಾಗಲೂ ನನಗೆ ಹೊಟ್ಟೆ ಉರಿಯುತ್ತದೆ, ಆದರೆ ಅಜ್ಜ ಹೇಳಿದ್ದರಲ್ಲಿ ನಮ್ಮೂರಲ್ಲಿ ಯಾರಿಗೂ ತಪ್ಪು ಕಾಣಲಿಲ್ಲ.

ಅತ್ತೆ ದಿಬ್ಬ ಇಳಿದು ಬಂದರು. ಸಿತುಮಾ ಮತ್ತೆ ಬಾಳೆಯ ಹಿಂದೆ ಸರಿದ. ಅತ್ತೆಗೆ ಬಲು ಹಿಡಿಸಿಹೋಗಿತ್ತು. ತನಗೂ ಮೊಣಕಾಲು ಮಡಿಸಲಾಗುವುದಿಲ್ಲ, ಇಂಥ ಸುಖ ಈ ವಯಸ್ಸಿಗೆ ಇದೇ ಮೊದಲು, ಕೊಯ್ಲು ಮುಗಿಯುವವರೆಗೆ ಮಸಿಕಾನ ಮನೆಯಲ್ಲೇ ಇದ್ದು ಮೊಮ್ಮಗನನ್ನು ನೋಡಿಕೊಳ್ಳುತ್ತೇನೆ ಅಂತ ಅವರು ಮಗಳಿಗೆ ಹೇಳಿದ್ದು ಬಾಳೆಯ ಹಿಂದಕ್ಕೂ ಕೇಳಿಸಿತು.

ಲಾರಿ ಹೋಯಿತು. ಹಿತ್ತಿಲಲ್ಲಿ ಟ್ಯಾಂಕು ಹೊಸದರಂತೆ ಖಾಲಿಯಾಗಿ, ತಣ್ಣಗೆ, ಒಂದು ಗುಳ್ಳೆಯೂ ಇಲ್ಲದೆ ಕೂತಿತ್ತು. ಬೆಳಗಿನಿಂದ ತಡೆದುಕೊಂಡಿದ್ದ ಸಿತುಮಾ ಇನ್ನು ತಡೆಯಲಾರದೆ ಒಂದು ಕೋಲು ಹಿಡಿದು, ಹಳ್ಳದಾಚೆಯ ಶಾಲೆಯ ಗುಂಡಿಯ ಕಡೆಗೆ ಕಾಲೆಳೆದುಕೊಂಡು ಹೊರಟ.

ಅಂಗಳದಲ್ಲಿ ಕೂತಿದ್ದ ಅತ್ತೆ ಅವನ ಬೆನ್ನು ನೋಡಿದರು. "ಅಳಿಯಂದಿರು ಈ ಹೊತ್ತಲ್ಲಿ ಎಲ್ಲಿಗೆ ಹೊರಟ್ರು?" ಅಂತ ಕೇಳಿದರು.

"ನಿಮ್ಮ ಮರ್ಯಾದೆ ಉಳಿಸೋಕೆ ಹೊರಟಿದಾನಮ್ಮ," ಅಂದ ಅಜ್ಜ.

"ಪಾಪ, ಒಳ್ಳೆ ಹುಡುಗ," ಅಂದರು ಅತ್ತೆ. "ನಾನಿರೋವರ್ಗೂ ಹೀಗೇ ಇರ್ಲಿ."